ಸಮಬಲದ ಪಂದ್ಯಕ್ಕೆ ತೀರ್ಪು ಯಾವುದು?

2023ನೆಯ ಇಸವಿ ಮಾರ್ಚ್ 18ರಂದು ಗೋವೆಯ ಫತೋರ್ಡಾ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯಕ್ಕೆ ಇಳಿದ ಬೆಂಗಳೂರು ಎಫ್‌ಸಿ ಮತ್ತು ಎಟಿಕೆ ಮೋಹನ್ ಬಾಗಾನ್ ತಂಡಗಳು, ಆ ವರ್ಷದ ಲೀಗ್ ಘಟ್ಟದಲ್ಲಿ ಇಪ್ಪತ್ತಿಪ್ಪತ್ತು ಪಂದ್ಯಗಳನ್ನಾಡಿ ಮುಗಿಸಿದಾಗ ತಲಾ 34 ಪಾಯಿಂಟುಗಳನ್ನೇ ಗಳಿಸಿದ್ದುವು; ತಮ್ಮತಮ್ಮೊಳಗೆ ಆಡಿದ ಎರಡು ಪಂದ್ಯಗಳಲ್ಲಿ ಒಂದನ್ನು ಇವರೂ ಇನ್ನೊಂದನ್ನು ಅವರೂ ಗೆದ್ದಿದ್ದರು; ಅಂತಿಮ ಪಂದ್ಯದ ತೊಂಬತ್ತು ನಿಮಿಷಗಳು ಕಳೆದಾಗ ಎರಡು ಕಡೆಗೂ ಎರಡೆರಡು ಗೋಲು; ಅದರ ಮೇಲೆ ಅರ್ಧ ಗಂಟೆ ಹೆಚ್ಚುವರಿಯಾಗಿ ಆಡಿದರೂ ಆ ಲೆಕ್ಕ ಕದಲಲಿಲ್ಲ. ಕಟ್ಟಕಡೆಗೆ ಪೆನಾಲ್ಟಿ ಶೂಟೌಟಿನಲ್ಲಿ ಬ್ರೂನೊ ರಾಮಿರೆಸ್ ಒದ್ದ ಚೆಂಡನ್ನು ವಿಶಾಲ್ ಕೈತ್ ತಡೆದುದರಿಂದಲೂ, ಪಾಬ್ಲೊ ಪೆರೆಜ್ ಒದ್ದುದು ಗೋಲಿನ ಅಡ್ಡಪಟ್ಟಿಯನ್ನು ದಾಟಿ ಮೇಲೆ ಹಾರಿಹೋದುದರಿಂದಲೂ 4–3ರ ಅಂತರದಲ್ಲಿ ಕಿರೀಟವು ಕೋಲ್ಕತ್ತೆಗೆ ಸಂದಿತು. ಋತುವಿನುದ್ದಕ್ಕೂ ಸರಿಸಮನಾಗಿ ನಿಂತ ಎರಡು ತಂಡಗಳಲ್ಲಿ ಒಂದು ಗೆದ್ದಿತು, ಇನ್ನೊಂದು ಸೋತಿತು ಎಂದು ನಾವು ಹೇಳುವಾಗ, ಆ ಸೋಲು ಯಾವ ಅರ್ಥದಲ್ಲಿ ಸೋಲು ಎಂಬ ಪ್ರಶ್ನೆ ಆಟವನ್ನು ಪ್ರೀತಿಸುವವನ ಮನಸ್ಸಿನಲ್ಲಿ ಏಳದೆ ಇರಲಾರದು.

ನಮ್ಮ ಹೇಮಾವತಿಯ ಸೀಮೆಯಲ್ಲಿ, ಗೊರೂರಿನಿಂದ ಹೊಳೆನರಸೀಪುರದವರೆಗೆ, ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ, ಊರೂರಿನ ಬಯಲಿನಲ್ಲಿ ಆಡುವುದು ಹೆಚ್ಚಾಗಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್. ಫುಟ್‌ಬಾಲನ್ನು ಬಹುಮಂದಿ ದೂರದರ್ಶನದಲ್ಲಿ ಕಂಡು ಮೆಚ್ಚಿದವರು. ಆದರೂ ಸಮನಾದ ಪಂದ್ಯವನ್ನು ಹೇಗೆ ತೀರ್ಮಾನಿಸಬೇಕೆಂಬ ವಿವಾದ ನಮಗೆ ಹೊಸದೇನಲ್ಲ. ಕಬಡ್ಡಿಯ ನಾಕೌಟ್ ಪಂದ್ಯ ಸಮನಾದರೆ ಎರಡು ತಂಡಗಳಿಗೂ ತಲಾ ಐದು ರೈಡು ಕೊಡತಕ್ಕದ್ದೆಂಬ ನಿಯಮವನ್ನು ಇಲ್ಲಿಯ ಹೈಸ್ಕೂಲು ಹುಡುಗರೂ ಬಲ್ಲರು. ಬಲ್ಲರಾದುದರಿಂದಲೇ ಅಲ್ಲಿ ಜಗಳ ಕಡಿಮೆ. ಫುಟ್‌ಬಾಲಿನಲ್ಲಿ ಈ ಕುರಿತ ನಿಯಮಗಳು ಶತಮಾನವೊಂದರ ಅವಧಿಯಲ್ಲಿ ಎಷ್ಟೋ ಸಾರಿ ಬದಲಾಗಿವೆ, ಇನ್ನೂ ಬದಲಾಗುತ್ತಲಿವೆ. ಅವುಗಳಲ್ಲಿ ಯಾವುದು ನ್ಯಾಯ, ಯಾವುದು ಕೇವಲ ಅನುಕೂಲ ಎಂಬುದನ್ನು ಬಿಡಿಸಿ ನೋಡುವುದಕ್ಕೆ ಬೆಂಗಳೂರು ತಂಡದ ಚರಿತ್ರೆಯಷ್ಟು ಒಳ್ಳೆಯ ಸಾಮಗ್ರಿ ಬೇರೆಲ್ಲಿಯೂ ಸಿಕ್ಕಲಾರದು. ಯಾತಕ್ಕೆಂದರೆ ಸಮಬಲದಿಂದ ಲಾಭವನ್ನೂ ನಷ್ಟವನ್ನೂ ಅದರಷ್ಟು ತೀವ್ರವಾಗಿ ಅನುಭವಿಸಿದ ತಂಡಗಳು ನಮ್ಮ ದೇಶದಲ್ಲಿ ವಿರಳ.

ಮೊದಲು ಲೀಗ್ ಪಂದ್ಯಗಳ ಮಾತು. ಲೀಗಿನಲ್ಲಿ ಪ್ರತಿಯೊಂದು ಪಂದ್ಯಕ್ಕೂ ವಿಜೇತನೊಬ್ಬ ಇರಲೇಬೇಕೆಂದು ವಾದಿಸುವವರಿದ್ದಾರೆ. ಹಣ ಕೊಟ್ಟು ಬಂದ ಪ್ರೇಕ್ಷಕನನ್ನು ಫಲಿತಾಂಶವಿಲ್ಲದೆ ಮನೆಗೆ ಕಳುಹಬಾರದು ಎಂಬುದು ಅವರ ತರ್ಕ. ಡ್ರಾ ಎಂಬುದು ಫಲಿತಾಂಶದ ಅಭಾವವಲ್ಲ, ಅದೂ ಒಂದು ಫಲಿತಾಂಶವೇ ಎಂಬುದನ್ನು ಈ ತರ್ಕ ಮರೆಯುತ್ತದೆ. 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಐ-ಲೀಗಿನ ಕೊನೆಯ ಪಂದ್ಯವನ್ನು ನೆನೆಯಬೇಕು. ಅಂದು ಮೋಹನ್ ಬಾಗಾನಿಗೆ ಡ್ರಾ ಆದರೆ ಸಾಕಾಗಿತ್ತು, ಬೆಂಗಳೂರಿಗೆ ಗೆಲವೇ ಬೇಕಾಗಿತ್ತು. ಮೊದಲ ಅರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದನು. ಪ್ರಶಸ್ತಿ ಬೆಂಗಳೂರಿನಲ್ಲೇ ಉಳಿಯಿತೆಂದು ನೆರೆದವರೆಲ್ಲರೂ ನಂಬಿದ್ದಾಗ, 87ನೆಯ ನಿಮಿಷದಲ್ಲಿ ಕಾರ್ನರ್ ಕಿಕ್ಕಿನಿಂದ ಬಂದ ಚೆಂಡಿಗೆ ಬೆಲ್ಲೋ ರಜಾಕ್ ತಲೆ ಕೊಟ್ಟು ಲೆಕ್ಕವನ್ನು 1–1 ಮಾಡಿದನು. ಬಾಗಾನಿಗೆ 39 ಪಾಯಿಂಟು, ಬೆಂಗಳೂರಿಗೆ 37. ಹದಿಮೂರು ವರ್ಷಗಳ ಬಳಿಕ ಆ ಹಳೆಯ ತಂಡಕ್ಕೆ ರಾಷ್ಟ್ರೀಯ ಲೀಗ್ ದೊರೆಯಿತು. ಆ ತೊಂಬತ್ತು ನಿಮಿಷಗಳ ಉದ್ವೇಗವೆಲ್ಲವೂ ಡ್ರಾ ಎಂಬ ಒಂದು ಸಾಧ್ಯತೆಯ ಮೇಲೆಯೇ ನಿಂತಿತ್ತಲ್ಲವೆ? ಡ್ರಾ ಆದೊಡನೆ ಪೆನಾಲ್ಟಿ ಒದೆತಕ್ಕೆ ಸಾಲುಗಟ್ಟಬೇಕೆಂಬ ನಿಯಮವಿದ್ದಿದ್ದರೆ, ರಜಾಕನ ಆ ಗೋಲು ಋತುವೊಂದರ ಮುಕ್ತಾಯವಾಗುವ ಬದಲು ಇನ್ನೊಂದು ಪರೀಕ್ಷೆಗೆ ಕೊಟ್ಟ ರಹದಾರಿ ಮಾತ್ರ ಆಗುತ್ತಿತ್ತು.

ಕ್ರಿಕೆಟಿನ ಅಭಿಮಾನಿಗಳಿಗೂ ಇದರ ಅನುಭವವುಂಟು. 2011ರ ವಿಶ್ವಕಪ್ಪಿನಲ್ಲಿ, ಫೆಬ್ರವರಿ 27ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತವೂ ಇಂಗ್ಲೆಂಡೂ 338 ಓಟಗಳಲ್ಲಿ ಸಮನಾದುವು. ಅದು ಗುಂಪಿನ ಪಂದ್ಯವಾದುದರಿಂದ ಹಾಗೆಯೇ ಬಿಡಲಾಯಿತು. ಅದನ್ನು ಕಂಡವರಾರೂ ಮೋಸಹೋದೆವೆಂದು ಹೇಳಿದ್ದನ್ನು ನಾನು ಕೇಳಿಲ್ಲ.

ಅಮೆರಿಕದ ಮೇಜರ್ ಲೀಗ್ ಸಾಕರ್ 1996ರಲ್ಲಿ ಪ್ರಾರಂಭವಾದಾಗ, ಡ್ರಾ ಎಂಬುದನ್ನು ಅಲ್ಲಿಯ ಜನ ಸಹಿಸರೆಂದು ಬಗೆದು, ಸಮನಾದ ಪ್ರತಿ ಪಂದ್ಯದ ಕೊನೆಯಲ್ಲೂ ಆಟಗಾರನು ಗೋಲಿನಿಂದ ಮೂವತ್ತೈದು ಗಜ ದೂರದಿಂದ ಚೆಂಡನ್ನು ನಡೆಸಿಕೊಂಡು ಬಂದು ಐದು ಸೆಕೆಂಡುಗಳೊಳಗೆ ಗೋಲ್‌ಕೀಪರನನ್ನು ವಂಚಿಸಬೇಕೆಂಬ ಪದ್ಧತಿಯನ್ನಿಟ್ಟರು. ನಾಲ್ಕು ಋತುಗಳ ತರುವಾಯ, 2000ದಿಂದ, ಅದನ್ನು ತಾವೇ ಕೈಬಿಟ್ಟರು. ಅದೇ ಖಂಡದ ಲೀಗ್ಸ್ ಕಪ್ಪಿನಲ್ಲಿ ಈಗ ಡ್ರಾ ಮಾಡಿಕೊಂಡ ಎರಡು ತಂಡಗಳಿಗೂ ಒಂದೊಂದು ಪಾಯಿಂಟು ಕೊಟ್ಟು, ಶೂಟೌಟ್ ಗೆದ್ದವರಿಗೆ ಇನ್ನೊಂದನ್ನು ಸೇರಿಸುವ ಕ್ರಮವುಂಟು. ಕೆಲವು ವಾರಗಳ ಸ್ಪರ್ಧೆಗೆ ಅದು ಶೋಭಿಸಬಹುದು. ದೀರ್ಘಕಾಲದ ಲೀಗಿಗೆ ಅದನ್ನು ತರುವುದು ತರವಲ್ಲವೆಂದು ನನ್ನ ಅಭಿಪ್ರಾಯ. ಹನ್ನೊಂದು ಮಂದಿ ಕೂಡಿ ಆಡಿದ ಆಟದ ಲೆಕ್ಕದೊಳಗೆ ಒಬ್ಬೊಬ್ಬನೇ ಒದ್ದ ಒದೆತದ ಲೆಕ್ಕವನ್ನು ಬೆರಸಿದರೆ, ಋತುವಿನ ಕಡೆಯಲ್ಲಿ ಪಟ್ಟಿಯು ಏನನ್ನು ಅಳೆಯಿತೆಂಬುದೇ ತಿಳಿಯದೆ ಹೋಗುತ್ತದೆ. ಡ್ರಾಗಳು ಅತಿಯಾಗಬಾರದೆಂದಿದ್ದರೆ, ಗೆಲವಿನ ಬೆಲೆಯನ್ನು ಎರಡರಿಂದ ಮೂರು ಪಾಯಿಂಟುಗಳಿಗೆ ಏರಿಸುವ ಉಪಾಯವನ್ನು ಇಂಗ್ಲೆಂಡ್ 1981ರಲ್ಲಿಯೇ ತೋರಿಸಿಕೊಟ್ಟಿದೆ, ಲೋಕವೆಲ್ಲ ಅದನ್ನು ಒಪ್ಪಿದೆ, ಅಷ್ಟು ಸಾಕು.

ನಾಕೌಟಿನ ಪ್ರಶ್ನೆ ಇದಕ್ಕಿಂತ ಕಠಿನ. ಅಲ್ಲಿ ಒಬ್ಬರು ಮುಂದೆ ಹೋಗಲೇಬೇಕು, ಒಬ್ಬರು ನಿಲ್ಲಲೇಬೇಕು. ಹಿಂದಿನವರು ಇದಕ್ಕೆ ಹಿಡಿದಿದ್ದ ಮಾರ್ಗ ಮರುಪಂದ್ಯ. ಅದರಷ್ಟು ನ್ಯಾಯವಾದುದು ಇನ್ನೊಂದಿಲ್ಲ. ಅದರಷ್ಟು ಅಸಾಧ್ಯವಾದುದೂ ಇನ್ನೊಂದಿಲ್ಲ. 1971ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ಪಿನ ಅರ್ಹತಾ ಸುತ್ತಿನಲ್ಲಿ ಆಲ್ವ್‌ಚರ್ಚ್ ಮತ್ತು ಆಕ್ಸ್‌ಫರ್ಡ್ ಸಿಟಿ ಎಂಬ ಎರಡು ಸಣ್ಣ ತಂಡಗಳು ಆರು ಪಂದ್ಯಗಳನ್ನಾಡಿ, ಹನ್ನೊಂದು ಗಂಟೆಗಳ ಆಟದ ಬಳಿಕ ಒಂದೇ ಒಂದು ಗೋಲಿನಿಂದ ಇತ್ಯರ್ಥವನ್ನು ಕಂಡುವು. ಅದೇ ಸ್ಪರ್ಧೆ 2024ರಿಂದ ಮುಖ್ಯ ಸುತ್ತುಗಳಲ್ಲಿ ಮರುಪಂದ್ಯಗಳನ್ನು ಪೂರ್ತಿಯಾಗಿ ತೊರೆದಿದೆ. ನಮ್ಮಲ್ಲಿಯೂ 1982–83ರ ಸಂತೋಷ್ ಟ್ರೋಫಿಯಲ್ಲಿ ಬಂಗಾಳವನ್ನೂ ಗೋವೆಯನ್ನೂ ಜಂಟಿ ವಿಜೇತರೆಂದು ಸಾರಿದ್ದುಂಟು. ಅಂತಿಮ ಪಂದ್ಯಕ್ಕಾದರೆ ಈ ಔದಾರ್ಯ ನಡೆದೀತು. ಉಪಾಂತ್ಯದಲ್ಲಿ ಎರಡು ತಂಡಗಳನ್ನು ಒಟ್ಟಿಗೆ ಮುಂದಕ್ಕೆ ಕಳುಹಿಸುವುದು ಹೇಗೆ?

ಮರುಪಂದ್ಯವೂ ಸಮನಾದಾಗ ಅಥವಾ ಅದಕ್ಕೆ ಅವಕಾಶವೇ ಇಲ್ಲದಾಗ ಉಳಿಯುತ್ತಿದ್ದುದು ಅದೃಷ್ಟದ ನಾಣ್ಯ. 1965ರಲ್ಲಿ ಯೂರೋಪಿನ ಕಪ್ಪಿಗಾಗಿ ಲಿವರ್‌ಪೂಲ್ ಮತ್ತು ಜರ್ಮನಿಯ ಕೊಲೋನ್ ತಂಡಗಳು ಮೂರು ಪಂದ್ಯಗಳಲ್ಲಿಯೂ ಸಮನಾಗಿ ಉಳಿದಾಗ, ರಾಟರ್‌ಡ್ಯಾಮಿನ ಮೈದಾನದಲ್ಲಿ ರೆಫರಿ ಎರಡು ಬಣ್ಣದ ಬಿಲ್ಲೆಯೊಂದನ್ನು ಮೇಲಕ್ಕೆಸೆದನು. ಅದು ಮೊದಲ ಸಾರಿ ಕೆಸರಿನಲ್ಲಿ ನೆಟ್ಟಗೆ ನಾಟಿಕೊಂಡು ಯಾವ ಕಡೆಗೂ ಬೀಳಲಿಲ್ಲ. ಮತ್ತೊಮ್ಮೆ ಎಸೆದಾಗ ಲಿವರ್‌ಪೂಲಿಗೆ ಒಲಿಯಿತು. 1968ರಲ್ಲಿ ನೇಪಲ್ಸಿನಲ್ಲಿ ಇಟಲಿಯು ಸೋವಿಯತ್ ಒಕ್ಕೂಟವನ್ನು ದಾಟಿ ಯೂರೋಪಿನ ಅಂತಿಮ ಪಂದ್ಯಕ್ಕೆ ಹೋದುದೂ ನಾಣ್ಯದ ಬಲದಿಂದಲೇ. ಅದೇ ವರ್ಷದ ಒಲಿಂಪಿಕ್ಸಿನಲ್ಲಿ ಇಸ್ರೇಲು ಚೀಟಿಯೆತ್ತುವಿಕೆಯಲ್ಲಿ ಬಲ್ಗೇರಿಯಕ್ಕೆ ಸೋತು ಹಿಂದಿರುಗಿತು. ಆ ಅನ್ಯಾಯದಿಂದ ನೊಂದ ಯೋಸೆಫ್ ಡಗಾನ್ ಎಂಬ ಇಸ್ರೇಲಿನ ಕ್ರೀಡಾಧಿಕಾರಿ ಒಡ್ಡಿದ ಸೂಚನೆಯನ್ನು ನಿಯಮಗಳ ಅಂತಾರಾಷ್ಟ್ರೀಯ ಮಂಡಳಿ 1970ರ ಜೂನ್ 27ರಂದು ಅಂಗೀಕರಿಸಿತು. ಇಂದಿನ ಪೆನಾಲ್ಟಿ ಶೂಟೌಟ್ ಹುಟ್ಟಿದ್ದು ಹೀಗೆ. ಇದನ್ನು ಲಾಟರಿ ಎಂದು ಜರೆಯುವವರು, ಇದು ಬರುವುದಕ್ಕೆ ಮುಂಚೆ ಇದ್ದುದು ನಿಜವಾದ ಲಾಟರಿಯೇ ಎಂಬುದನ್ನು ಗಮನದಲ್ಲಿಡಬೇಕು.

ಶೂಟೌಟಿಗೆ ಮುನ್ನ ಮೂವತ್ತು ನಿಮಿಷಗಳ ಹೆಚ್ಚುವರಿ ಅವಧಿ ಬೇಕೆ, ಬೇಡವೆ? ದಕ್ಷಿಣ ಅಮೆರಿಕದ ಕೋಪಾ ಲಿಬರ್ಟಡೋರಿಸಿನಲ್ಲಿ ಅಂತಿಮ ಪಂದ್ಯವೊಂದನ್ನುಳಿದು ಮಿಕ್ಕ ಪಂದ್ಯಗಳಲ್ಲಿ ಅದನ್ನು ಬಿಟ್ಟು ನೇರವಾಗಿ ಪೆನಾಲ್ಟಿಗೆ ಹೋಗುತ್ತಾರೆ. ಆಟಗಾರರ ದೇಹಶ್ರಮವನ್ನು ತಗ್ಗಿಸುವುದಕ್ಕೆ ಇದೇ ದಾರಿಯೆಂದು ಹೇಳುವ ವೈದ್ಯರೂ ತರಬೇತುದಾರರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಆಟದ ಪ್ರಶ್ನೆಗೆ ಆಟದಿಂದಲೇ ಉತ್ತರ ದೊರಕುವ ಕಡೆಯ ಅವಕಾಶ ಅದು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಸೂಪರ್ ಲೀಗಿನ ಅಂತಿಮ ಪಂದ್ಯದಲ್ಲಿ ಬೆಂಗಳೂರು ಮತ್ತು ಗೋವೆಯ ತಂಡಗಳು ಎದುರಾದುವು. ಇವೂ ಲೀಗಿನಲ್ಲಿ ತಲಾ 34 ಪಾಯಿಂಟು ಗಳಿಸಿ ಸಮನಾಗಿದ್ದ ತಂಡಗಳೇ. ತೊಂಬತ್ತು ನಿಮಿಷಗಳಲ್ಲಿ ಗೋಲಿಲ್ಲ. ಹೆಚ್ಚುವರಿ ಅವಧಿಯ ಮೊದಲ ಭಾಗ ಮುಗಿಯುವ ಹೊತ್ತಿಗೆ ಗೋವೆಯ ಅಹ್ಮದ್ ಜಾಹು ಹೊರಗೆ ಹೋಗಬೇಕಾಯಿತು. 117ನೆಯ ನಿಮಿಷದಲ್ಲಿ ಬೆಂಗಳೂರಿನ ದಿಮಾಸ್ ಡೆಲ್ಗಾಡೊ ಒದ್ದ ಕಾರ್ನರಿಗೆ ರಾಹುಲ್ ಭೇಕೆ ಎಗರಿ ತಲೆಯಿಂದ ತಳ್ಳಿದ ಚೆಂಡು ಬಲೆಯೊಳಗೆ ಬಿತ್ತು. ಮೂರು ನಿಮಿಷಗಳು ಹಾಗೆಯೇ ಕಳೆದಿದ್ದರೆ ಶೂಟೌಟ್. 2025ರ ಏಪ್ರಿಲ್ 12ರಂದು ಕೋಲ್ಕತ್ತೆಯ ಸಾಲ್ಟ್ ಲೇಕಿನಲ್ಲಿ ಇದೇ ಹೆಚ್ಚುವರಿ ಅವಧಿ ನಮಗೆ ಪ್ರತಿಕೂಲವಾಯಿತು: 1–1ರಲ್ಲಿ ನಿಂತಿದ್ದ ಅಂತಿಮ ಪಂದ್ಯದಲ್ಲಿ ಜೇಮಿ ಮೆಕ್ಲಾರೆನ್ 96ನೆಯ ನಿಮಿಷಕ್ಕೆ ಗೋಲು ಹೊಡೆದು ಬಾಗಾನನ್ನು ಗೆಲ್ಲಿಸಿದನು. ಅಂದು ನಾವು ದುಃಖಪಟ್ಟೆವು, ಆದರೆ ಅದು ಆಟದಲ್ಲಿ ಸೋತ ದುಃಖ. ಫತೋರ್ಡಾದ ರಾತ್ರಿ ಪಟ್ಟುದಕ್ಕಿಂತ ಅದು ಬೇರೆ ಜಾತಿಯದು.

ಹೆಚ್ಚುವರಿ ಅವಧಿಯನ್ನು ಇಡುವುದಾದರೆ ಪೂರ್ತಿ ಇಡಬೇಕು. ಮೊದಲ ಗೋಲು ಬಿದ್ದ ಕ್ಷಣಕ್ಕೆ ಪಂದ್ಯ ಮುಗಿಸುವ ‘ಗೋಲ್ಡನ್ ಗೋಲ್’ ಪದ್ಧತಿ 1990ರ ದಶಕದಲ್ಲಿ ಬಂದು, 1996ರಲ್ಲಿ ಜರ್ಮನಿಗೂ 2000ದಲ್ಲಿ ಫ್ರಾನ್ಸಿಗೂ ಯೂರೋಪಿನ ಪ್ರಶಸ್ತಿಯನ್ನು ಕೊಡಿಸಿ, 2004ರಲ್ಲಿ ತೀರಿಹೋಯಿತು. ಧೈರ್ಯವನ್ನು ಹೆಚ್ಚಿಸಲೆಂದು ತಂದ ನಿಯಮ ಭಯವನ್ನು ಹೆಚ್ಚಿಸಿತು. ಒಂದು ತಪ್ಪಿಗೆ ಪರಿಹಾರವೇ ಇಲ್ಲವೆಂದಾದಾಗ ಮುನ್ನುಗ್ಗುವವನು ಯಾರು? ಆ ಪದ್ಧತಿಯ ವೈಪರೀತ್ಯದ ಪರಮಾವಧಿಯನ್ನು 1994ರ ಜನವರಿಯಲ್ಲಿ ಕೆರಿಬಿಯನ್ ಕಪ್ಪಿನ ಅರ್ಹತಾ ಪಂದ್ಯವೊಂದರಲ್ಲಿ ಕಂಡರು. ಬಾರ್ಬಡೋಸಿಗೆ ಗ್ರೆನಡದ ಮೇಲೆ ಎರಡು ಗೋಲುಗಳ ಅಂತರ ಬೇಕಾಗಿತ್ತು. ಹೆಚ್ಚುವರಿ ಅವಧಿಯಲ್ಲಿ ಹೊಡೆದ ಗೋಲ್ಡನ್ ಗೋಲನ್ನು ಎರಡೆಂದು ಎಣಿಸುವ ವಿಚಿತ್ರ ನಿಯಮ ಆ ಸ್ಪರ್ಧೆಯಲ್ಲಿತ್ತು. 2–1ರಲ್ಲಿ ಮುಂದಿದ್ದ ಬಾರ್ಬಡೋಸಿನವರು, ಉಳಿದ ಕೆಲವೇ ನಿಮಿಷಗಳಲ್ಲಿ ಇನ್ನೊಂದು ಗೋಲು ಹೊಡೆಯುವುದಕ್ಕಿಂತ ಪಂದ್ಯವನ್ನು ಸಮಮಾಡಿಕೊಳ್ಳುವುದೇ ಸುಲಭವೆಂದು ಕಂಡು, ತಮ್ಮ ಗೋಲಿನೊಳಗೆ ತಾವೇ ಚೆಂಡನ್ನು ಒದ್ದರು. ಅದನ್ನರಿತ ಗ್ರೆನಡದವರು ಯಾವ ಗೋಲಾದರೂ ಸರಿಯೆಂದು ಎರಡು ಕಡೆಗೂ ಓಡಿದರು. ಬಾರ್ಬಡೋಸಿನವರು ಎರಡು ಗೋಲುಗಳನ್ನೂ ಕಾದರು. ಕಡೆಗೆ ಹೆಚ್ಚುವರಿ ಅವಧಿಯಲ್ಲಿ ಅವರೆಣಿಸಿದಂತೆಯೇ 4–2ರಲ್ಲಿ ಗೆದ್ದರು. ಆಟಗಾರರಲ್ಲಿ ದೋಷವಿರಲಿಲ್ಲ, ಬರೆದ ನಿಯಮವನ್ನು ಅವರು ಬುದ್ಧಿವಂತಿಕೆಯಿಂದ ಓದಿದ್ದರು, ಅಷ್ಟೆ.

ಈ ಹಿನ್ನೆಲೆಯಲ್ಲಿ 2023ರ ಮಾರ್ಚ್ 3ರ ಕಂಠೀರವದ ನಾಕೌಟ್ ಪಂದ್ಯವನ್ನು ನೋಡಬೇಕು. ಕೇರಳ ಬ್ಲಾಸ್ಟರ್ಸ್ ಮತ್ತು ಬೆಂಗಳೂರು ತೊಂಬತ್ತು ನಿಮಿಷ ಗೋಲಿಲ್ಲದೆ ಆಡಿದುವು. 96ನೆಯ ನಿಮಿಷದಲ್ಲಿ ಸಿಕ್ಕ ಫ್ರೀಕಿಕ್ಕನ್ನು, ಎದುರಾಳಿಗಳು ಇನ್ನೂ ಗೋಡೆಗಟ್ಟುತ್ತಿರುವಾಗಲೇ, ಸುನಿಲ್ ಛೆಟ್ರಿ ಬಲೆಗೆ ತಲುಪಿಸಿಬಿಟ್ಟನು. ರೆಫರಿ ಗೋಲನ್ನು ಒಪ್ಪಿದರು. ತಮಗೆ ಅನ್ಯಾಯವಾಯಿತೆಂದು ಬ್ಲಾಸ್ಟರ್ಸಿನವರು ಮೈದಾನವನ್ನು ಬಿಟ್ಟು ಹೊರಟರು, ಮತ್ತೆ ಬರಲಿಲ್ಲ. ಆ ಒದೆತದ ಸರಿತಪ್ಪುಗಳನ್ನು ಕುರಿತು ಅಂದಿನಿಂದ ಇಂದಿನವರೆಗೂ ಚರ್ಚೆ ನಡೆದಿದೆ. ಅದಕ್ಕಿಂತ ನನಗೆ ಮುಖ್ಯವಾಗಿ ತೋರುವುದು ಇನ್ನೊಂದು. ಗೋಲ್ಡನ್ ಗೋಲ್ ಇದ್ದಿದ್ದರೆ ಆ ಕ್ಷಣದಲ್ಲಿಯೇ ಎಲ್ಲವೂ ಮುಗಿದು, ಅವರ ಕ್ರೋಧಕ್ಕೆ ಯಾವ ಪರಿಹಾರವೂ ಇರುತ್ತಿರಲಿಲ್ಲ. ಈಗಿನ ನಿಯಮದಲ್ಲಿ ಇನ್ನೂ ಇಪ್ಪತ್ತನಾಲ್ಕು ನಿಮಿಷಗಳು ಉಳಿದಿದ್ದುವು. ಒಂದು ಗೋಲನ್ನು ಹಿಂದಿರುಗಿಸುವುದಕ್ಕೆ ಅದು ಧಾರಾಳವಾದ ಕಾಲ. ನಿಯಮವು ನೊಂದವರಿಗೆಂದೇ ತೆರೆದಿಟ್ಟಿದ್ದ ಬಾಗಿಲನ್ನು ಅವರು ಬಳಸಿಕೊಳ್ಳಲಿಲ್ಲವೆಂಬುದು, ಎದುರಾಳಿ ತಂಡದ ಅಭಿಮಾನಿಯಾದ ನನಗೂ ಈಗಲೂ ವ್ಯಥೆಯನ್ನೇ ಕೊಡುತ್ತದೆ.

ಇನ್ನು ಶೂಟೌಟ್. ಚೆಂಡಿನಿಂದ ಗೋಲಿಗೆ ಹನ್ನೊಂದು ಮೀಟರು. ಗೋಲಿನ ಅಗಲ 7.32 ಮೀಟರು, ಎತ್ತರ 2.44, ಒದೆಯುವ ಕ್ಷಣದಲ್ಲಿ ಗೋಲ್‌ಕೀಪರನ ಒಂದು ಪಾದದ ಭಾಗವಾದರೂ ಗೆರೆಯ ಮೇಲೋ, ಅದರ ನೇರಕ್ಕೋ, ಅದರ ಹಿಂದೋ ಇರತಕ್ಕದ್ದು. 2023ರ ಜುಲೈ 4ರಂದು ಕಂಠೀರವದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ ಭಾರತ ಮತ್ತು ಕುವೈತ್ 1–1ರಲ್ಲಿ ನಿಂತು, ಐದೈದು ಒದೆತಗಳ ಬಳಿಕವೂ ಸಮನಾಗಿ, ಆರನೆಯದನ್ನು ಮಹೇಶ್ ನೌರೆಮ್ ಗೋಲಾಗಿಸಿದ ಮೇಲೆ ಕುವೈತಿನ ನಾಯಕ ಒದ್ದ ಚೆಂಡನ್ನು ಗುರುಪ್ರೀತ್ ಸಿಂಗ್ ಸಂಧು ಪಕ್ಕಕ್ಕೆ ಹಾರಿ ತಳ್ಳಿದಾಗ, ಆ ಹಾರಿಕೆಯಲ್ಲಿ ಅದೃಷ್ಟವೊಂದೇ ಇತ್ತೆಂದು ಹೇಳಲು ಯಾರಿಗೆ ಬಾಯಿ ಬರುವುದು? ಅಲ್ಲಿ ಅಭ್ಯಾಸವಿದೆ, ಸ್ಥೈರ್ಯವಿದೆ, ಎದುರಾಳಿಯ ಸೊಂಟದ ತಿರುವನ್ನು ಓದುವ ಕಣ್ಣಿದೆ. ಶೂಟೌಟ್ ಕೌಶಲ್ಯವೇ, ಆದರೆ ಆಟವೆಂಬ ಮಹಾಕೌಶಲ್ಯದ ಒಂದು ತುಣುಕು. ಕಬಡ್ಡಿಯ ಐದು ರೈಡುಗಳಲ್ಲಿ ಹಿಡಿಯುವುದೂ ಇದೆ, ತಪ್ಪಿಸಿಕೊಳ್ಳುವುದೂ ಇದೆ, ಅಂಕಣದೊಳಗಿರುವ ಇಡೀ ತಂಡವೂ ಇದೆ; ಪೆನಾಲ್ಟಿಯಲ್ಲಿ ಒಂಬತ್ತು ಮಂದಿ ನಡುಗೆರೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತು ನೋಡುತ್ತಾರೆ. ಆದುದರಿಂದಲೇ ಫುಟ್‌ಬಾಲಿನ ನಿಯಮಗ್ರಂಥವು ಶೂಟೌಟನ್ನು ಪಂದ್ಯದ ಭಾಗವೆಂದು ಎಣಿಸುವುದಿಲ್ಲ. ಪಂದ್ಯವನ್ನು ಡ್ರಾ ಎಂದೇ ದಾಖಲಿಸಿ, ಯಾರು ಮುಂದೆ ಹೋಗಬೇಕೆಂಬುದನ್ನು ಮಾತ್ರ ಅದಕ್ಕೆ ಬಿಡುತ್ತಾರೆ. ನಮ್ಮ ಪತ್ರಿಕೆಗಳೂ ಹಾಗೆಯೇ ಬರೆದರೆ ಒಳ್ಳೆಯದು.

ಮೊದಲು ಒದೆಯುವವರಿಗೆ ಲಾಭ ಹೆಚ್ಚೆಂದು ಕೆಲವು ವಿದ್ವಾಂಸರು ಅಂಕಿಗಳಿಂದ ವಾದಿಸಿದರು, ಬೇರೆಯವರು ಅದನ್ನು ಅಲ್ಲಗಳೆದರು. 2017ರಲ್ಲಿ ಒಬ್ಬರ ಬಳಿಕ ಎದುರಿನವರು ಎರಡೆರಡು ಬಾರಿ ಒದೆಯುವ ಕ್ರಮವನ್ನು ಪರೀಕ್ಷೆಗಿಟ್ಟು, ಜನಕ್ಕೆ ತಿಳಿಯುವುದಿಲ್ಲವೆಂದು ಮರುವರ್ಷವೇ ನಿಲ್ಲಿಸಿದರು. ಇದು ಸಣ್ಣ ಮಾತು.

ದೊಡ್ಡ ಮಾತೆಂದರೆ, ಲೀಗಿನ ಪ್ಲೇಆಫ್ ಪಂದ್ಯಗಳನ್ನು ಕಪ್ ಪಂದ್ಯಗಳಂತೆಯೇ ಶೂಟೌಟಿಗೆ ಒಪ್ಪಿಸುವುದು ಉಚಿತವೆ ಎಂಬುದು. ಕಪ್ ಸ್ಪರ್ಧೆಯಲ್ಲಿ ಎದುರಾಗುವ ತಂಡಗಳಿಗೆ ಹಿಂದಣ ಲೆಕ್ಕವೆಂಬುದಿಲ್ಲ, ಲೀಗಿನಲ್ಲಿ ಇದೆ. 2023ರ ಉಪಾಂತ್ಯದಲ್ಲಿ ಬೆಂಗಳೂರು ತಂಡ ಮುಂಬಯಿ ಸಿಟಿಯನ್ನು ಅದರ ನೆಲದಲ್ಲಿ 1–0 ಸೋಲಿಸಿ, ಕಂಠೀರವದಲ್ಲಿ 1–2 ಸೋತಿತು. ಒಟ್ಟು 2–2. ಹೆಚ್ಚುವರಿ ಅವಧಿಯೂ ನಿಷ್ಫಲವಾಗಿ, ಶೂಟೌಟಿನಲ್ಲಿ ಎಂಟೆಂಟು ಗೋಲುಗಳವರೆಗೆ ಯಾರೂ ತಪ್ಪದೆ, ಕಡೆಗೆ ಮೆಹ್ತಾಬ್ ಸಿಂಗ್ ಒದ್ದುದನ್ನು ಗುರುಪ್ರೀತ್ ತಡೆದು, ಸಂದೇಶ್ ಝಿಂಗನ್ ಒದ್ದುದು ಗೋಲಾಗಿ, 9–8. ಅಂದಿನ ಹರ್ಷವನ್ನು ನಾನು ಮರೆಯಲಾರೆ. ಆದರೆ ಲೀಗ್ ಪಟ್ಟಿಯಲ್ಲಿ ಮುಂಬಯಿಗೆ 46 ಪಾಯಿಂಟು, ಇಪ್ಪತ್ತರಲ್ಲಿ ಹದಿನಾಲ್ಕು ಗೆಲವು, ಮೊದಲ ಸ್ಥಾನ. ನಮಗೆ 34, ನಾಲ್ಕನೆಯ ಸ್ಥಾನ. ಐದು ತಿಂಗಳುಗಳ ಲೀಗಿನ ಕೊನೆಗೆ ಹನ್ನೆರಡು ಪಾಯಿಂಟು ಮುಂದೆ ಇದ್ದ ತಂಡ, ಎರಡು ಪಂದ್ಯಗಳಲ್ಲಿ ನಮಗೆ ಸಮನಾಗಿದ್ದೂ ಹದಿನೆಂಟನೆಯ ಒದೆತದಲ್ಲಿ ಹೊರಗೆ ಬಿದ್ದುದು ನ್ಯಾಯವೆಂದು ಎದೆ ಮುಟ್ಟಿ ಹೇಳಲಾರೆ. ಮೆಕ್ಸಿಕೋ ದೇಶದ ಲೀಗಿನಲ್ಲಿ ಎರಡು ಪಂದ್ಯಗಳ ಒಟ್ಟು ಸಮನಾದರೆ, ಕಾಲು ಅಂತ್ಯ ಮತ್ತು ಉಪಾಂತ್ಯಗಳಲ್ಲಿ ಪಟ್ಟಿಯಲ್ಲಿ ಮೇಲಿದ್ದವರು ಮುಂದೆ ಹೋಗುತ್ತಾರೆ. ನಮ್ಮಲ್ಲಿಯೂ ಇದು ಬರಬೇಕು: ಮೊದಲು ಹೆಚ್ಚುವರಿ ಅವಧಿ, ಆಗಲೂ ಸಮನಾದರೆ ಹೆಚ್ಚು ಪಾಯಿಂಟು ಗಳಿಸಿದ ತಂಡಕ್ಕೆ ಹಕ್ಕು, ಪಾಯಿಂಟುಗಳೂ ಸಮನಾಗಿದ್ದರೆ, ಬಾಗಾನ್–ಬೆಂಗಳೂರುಗಳಿಗೆ ಇದ್ದಂತೆ, ಗೋಲುಗಳ ಅಂತರದಂಥ ಎಳೆಯನ್ನು ನೆಚ್ಚದೆ ಶೂಟೌಟ್.

ಮೇಲಿನ ತಂಡ ಗೆಲ್ಲುವ ಯತ್ನವನ್ನೇ ಬಿಟ್ಟು ಕಾಲಹರಣ ಮಾಡೀತೆಂಬ ಆಕ್ಷೇಪಣೆಯಿದೆ, ಅದಕ್ಕೆ ಬಲವೂ ಇದೆ. ಆದರೆ 2015ರಲ್ಲಿ ಬಾಗಾನಿಗೂ ಅಂಥ ಅವಕಾಶವಿತ್ತು; ಗೋಲು ಬಿಟ್ಟುಕೊಟ್ಟ ಬಳಿಕ ಅದು ಸುಮ್ಮನಿರಲಾಗಲಿಲ್ಲ. ಅಲ್ಲದೆ, ಶೂಟೌಟನ್ನು ನೆಚ್ಚಿ ಎರಡು ತಂಡಗಳೂ ಕಾಲ ಕಳೆಯುವುದಕ್ಕಿಂತ, ಒಂದು ತಂಡವಾದರೂ ಗೋಲು ಹೊಡೆಯಲೇಬೇಕೆಂದು ತಿಳಿದು ಆಡುವುದು ನೋಡುವವರಿಗೂ ಹಿತ. ಈ ನಿಯಮದ ಪ್ರಕಾರ 2023ರಲ್ಲಿ ನಮ್ಮವರು ಫತೋರ್ಡಾಕ್ಕೆ ಹೋಗುತ್ತಲೇ ಇರಲಿಲ್ಲ. ಹಾಗೆಂದು ನಿಯಮವನ್ನು ಬೇರೆ ಬಗೆಯಲ್ಲಿ ಬಯಸಲಾಗದು.

ಭಾನುವಾರ ಒಂದೇ ದಿನದಲ್ಲಿ ಹತ್ತಾರು ತಂಡಗಳ ಪಂದ್ಯಗಳನ್ನು ಕತ್ತಲಾಗುವುದರೊಳಗೆ ಮುಗಿಸಬೇಕಾದ ಊರಿನ ಸ್ಪರ್ಧೆಗಳಿಗೆ ಈ ಕ್ರಮ ಸಲ್ಲದು. ಅಲ್ಲಿ ನೇರವಾಗಿ ಶೂಟೌಟಿಗೆ ಹೋಗುವುದೇ ಲೇಸು, ಮೂರು ಮೂರು ಒದೆತವಾದರೂ ಸರಿ. ಹೆಸರು ನೋಂದಾಯಿಸುವ ಕರಪತ್ರದಲ್ಲಿಯೇ, ಬಹುಮಾನದ ಮೊತ್ತದ ಕೆಳಗೆ, ಎಷ್ಟು ಒದೆತ, ಆಮೇಲೂ ಸಮನಾದರೆ ಏನು, ಮೈದಾನ ಬಿಟ್ಟು ಹೊರಟವರ ಗತಿಯೇನು ಎಂಬ ಮೂರು ಸಾಲುಗಳನ್ನು ಅಚ್ಚು ಹಾಕಿಸಬೇಕು. ಯಾವ ಗೋಲಿನ ಕಡೆಗೆ ಒದೆಯಬೇಕೆಂಬುದಕ್ಕೆ ಒಂದು ಟಾಸು, ಯಾರು ಮೊದಲು ಎಂಬುದಕ್ಕೆ ಇನ್ನೊಂದು ಟಾಸು, ಎರಡೂ ನಾಯಕರ ಕಣ್ಣೆದುರಿಗೇ ನಡೆಯಬೇಕು. ನಮ್ಮ ಬಯಲುಗಳಲ್ಲಿ ಒಂದು ಕಡೆಯ ಗೋಲು ಏರಿನಲ್ಲಿಯೂ ಇನ್ನೊಂದು ಸಂಜೆಯ ಬಿಸಿಲಿಗೆ ಎದುರಾಗಿಯೂ ಇರುವುದು ಸಾಮಾನ್ಯವಾದುದರಿಂದ, ಮೊದಲನೆಯ ಟಾಸೇ ಹೆಚ್ಚಿನದು.